ಏಂಜಲಿನಾಳ ಉಬ್ಬದ ಕೈ

ಹಲಬರ್ಗಾ
೯ ಆಗಸ್ಟ್ ೨೦೨೪

ಯಾಕೋಬ,

ಮೊದಲು ಆ ಫೋನ್ ಕೆಳಗಿಡು. ಹೆತ್ತವ್ವ ಫೋನ್ ಮಾಡಿದರೆ "ಸಾಲಿ ಮಕ್ಕಳ ಗಾಡಿ ಓಡಸ್ಲಿಕತ್ತೇನಿ, ಆಮ್ಯಾಲ ಮಾತಾಡ್ತೇನಿ" ಎಂದು ಕಟ್ ಮಾಡುವ ಮಗ ನೀನು. ಈ ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡುತ್ತೇನೆ. ಬರೆಯುವುದು ತಡವಾಯಿತು, ಕನ್ನಡಕದ ಕಾಲು ಮುರಿದಿತ್ತು. ಈಗ ದಾರ ಕಟ್ಟಿಕೊಂಡು ಕೂತಿದ್ದೇನೆ.

ನಿಮ್ಮಪ್ಪನ ಕೆಮ್ಮು ತಗ್ಗಿದೆ. ಟಿಬಿ ಗುಳಿಗೆ ಕೊಟ್ಟರೆ "ಬಾಯಿ ಕಹಿ ಆಗ್ತದ" ಎಂದು ಮುಖ ತಿರುಗಿಸುತ್ತಾರೆ. "ನಿಮ್ಮ ಮಾತಿಗಿಂತ ಕಹಿ ಇಲ್ಲ, ನುಂಗ್ರಿ" ಎನ್ನುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಸೊಸೆ ತೀರಿಕೊಂಡ ಮೇಲೆ ನೀನು ನನ್ನ ಹತ್ತಿರ ಬಿಟ್ಟ ಮಕ್ಕಳು ಅದೇ ಕೆಮ್ಮಿನ ಮನೆಯಲ್ಲಿ ಮಲಗುವವರು. ಅದಕ್ಕೇ ಭಾಲ್ಕಿ ದವಾಖಾನೆಯಲ್ಲಿ ಇಬ್ಬರ ಮುಂಗೈಗೂ ಟಿಬಿ ಪರೀಕ್ಷೆಯ ಸೂಜಿ ಚುಚ್ಚಿದರು. ಜಾಕ್ಸನನ ಕೈ ಕೆಂಪಗೆ ಉಬ್ಬಿತು. ಏಂಜಲಿನಾಳದು ಸೊಳ್ಳೆ ಕಚ್ಚಿದಷ್ಟೇ. ನೀನು ಔರಾದದಿಂದ ಓಡಿ ಬಂದೆ. ಮಗನನ್ನು ಬೈಕಿನ ಮೇಲೆ ಬೀದರಿಗೆ ಒಯ್ದೆ, ಎಕ್ಸ್‌ರೇ ತೆಗೆಸಿದೆ, ದಿನಾ ಕೋಳಿ ತತ್ತಿ ಕೊಡು ಎಂದೆ. ಮಗಳ ಕೈ ನೋಡಿ, "ಇಕಿದು ಉಬ್ಬೇ ಇಲ್ಲ, ಏನೂ ಆಗಿಲ್ಲ ಬಿಡವ್ವಾ" ಎಂದು ಹೊರಟೇಬಿಟ್ಟೆ. ಅವಳು ಬಾಗಿಲಲ್ಲೇ ನಿಂತಿದ್ದಳು.

ಸಂಜೆಯಾದರೆ ಮೈ ಕಾಯುವುದು ಅವಳಿಗೆ. ಶಾಲೆಯ ಲಂಗ ಸಡಿಲಾಗಿ ಪಿನ್ನು ಹಾಕಿಕೊಳ್ಳುವವಳೂ ಅವಳೇ. ಕಡೆಗೆ ನಾನೇ ಬಸ್ಸು ಹತ್ತಿಸಿ ಬೀದರಿಗೆ ಕರೆದೊಯ್ದೆ. ಅಲ್ಲಿ ಡಾಕ್ಟರ್ ಇರಮ ನನ್ನ ಮೇಲೇ ಹರಿಹಾಯ್ದಳು: "ಅಮ್ಮಾ, ನಿಮ್ಮ ಮಗಗ ಅವತ್ತೇ ಹೇಳಿದ್ದೆರಿ. ಈ ವಯಸ್ಸಿನಾಗ ಗಂಡು ಹುಡುಗರ ಕೈ ಜಾಸ್ತಿ ಉಬ್ತದ, ಹುಡುಗಿಯರದು ಕಮ್ಮಿ. ಉಬ್ಬಿಲ್ಲಂದ್ರ ಬ್ಯಾನಿ ಇಲ್ಲ ಅಂತಲ್ಲ. ಇಬ್ಬರನ್ನೂ ಕರ್ಕೊಂಡ್ ಬರ್ರಿ ಅಂದಿದ್ದೆ."

"ನನ್ನ ಮಗನ ಬೈಕಿಗಿ ಹಿಂದ ಒಂದೇ ಸೀಟ್ ಅದರಿ" ಎಂದೆ. ಮತ್ತೇನು ಹೇಳಲಿ, ನಿನ್ನ ಮಾನ ಕಾಯಬೇಡವೇ?

ಜಾಕ್ಸನನ ಎದೆ ಸ್ವಚ್ಛವಾಗಿದೆ, ಅವನಿಗೆ ರೋಗ ಬಾರದಂತೆ ಗುಳಿಗೆ ಅಷ್ಟೇ. ಏಂಜಲಿನಾಳ ಎಕ್ಸ್‌ರೇಯನ್ನೂ ತೆಗೆದರು, ಟಿಬಿ ಇರುವುದು ಅವಳಿಗೆ. ಆರು ತಿಂಗಳು ತಪ್ಪದೆ ಗುಳಿಗೆ ನುಂಗಿದರೆ ಪೂರಾ ವಾಸಿಯಾಗುತ್ತದಂತೆ. ಇನ್ನು ಮೇಲೆ ತತ್ತಿ ಇಬ್ಬರಿಗೂ.

ದೇವರು ನಿನ್ನನ್ನು ಕಾಯಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅವ್ವ,
ರೂತ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ದವಾಖಾನೆಯಲ್ಲಿ ಏಂಜಲಿನಾ ಅಂಗಿಯ ತೋಳು ಮೇಲೆ ಸರಿಸಿದಾಗ, ಸೂಜಿ ಚುಚ್ಚಿದ ಜಾಗದಲ್ಲಿ ಸುಟ್ಟಂಥ ದೊಡ್ಡ ಗುಳ್ಳೆ. ಒಡೆದ ಹಿಮ್ಮಡಿಗೆ ನಾನು ಹಚ್ಚುವ ಬಿಬ್ಬಿ ಕಾಯಿಯ ಎಣ್ಣೆ ಗೊತ್ತಲ್ಲ, ಎಳೆ ಚರ್ಮಕ್ಕೆ ತಾಕಿದರೆ ಬೊಬ್ಬೆ ಏಳಿಸುತ್ತದೆ. ಕದ್ದು ಅದನ್ನೇ ಹಚ್ಚಿಕೊಂಡಿದ್ದಾಳೆ. "ಯಾಕ ಹಿಂಗ ಮಾಡ್ಕೊಂಡಿ, ಹುಚ್ಚಿ?" ಎಂದು ಗದರಿದೆ. "ಕೈ ಉಬ್ಬಿದ್ರ ಅಪ್ಪ ಬರ್ತಾನಲ್ಲ ಆಯಿ" ಎಂದಳು.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು. ಲಕೋಟೆಯ ಮೇಲೆ ಅವಳ ಹೆಸರು ಬರೆ.