ಕರೇಮಡ್ಡಿ ಹಾಲ್ಟಿನ ರಟ್ಟಿನ ಟಿಕೇಟುಗಳು

ಕರೇಮಡ್ಡಿ, ಸವಣೂರು ತಾಲೂಕು
ಮಂಗಳವಾರ, ೧೨ ನವೆಂಬರ್ ೨೦೨೪

ಪ್ರೀತಿಯ ಅಜ್ಜಾ, ನಿನ್ನ ಶ್ವೇತಾಳ ಶರಣು.

ಹಾನಗಲ್ಲಿನ ಡಾಕ್ಟರು ಕಣ್ಣಿನ ಕಟ್ಟು ಬಿಚ್ಚಿದರೇ? ಔಷಧದ ಹನಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತೀಯೋ, ಇಲ್ಲ ಅತ್ತೆ ಸೀಸೆ ಹಿಡಿದು ಬರುವಾಗ ನಿದ್ದೆ ಬಂದವನಂತೆ ಮಲಗುತ್ತೀಯೋ? ಚಿಕ್ಕೇರೂರಿನಲ್ಲಿ ಈಗ ಗೋವಿನಜೋಳದ ರಾಶಿ ನಡೆದಿರಬೇಕು, ಧೂಳಿನಲ್ಲಿ ಹೊರಗೆ ಹೋಗಬೇಡ. ಫೋನಿನಲ್ಲಿ ನಾನು ಕೂಗುವುದು ನಿನಗೊಬ್ಬನಿಗೆ ಕೇಳುವುದಿಲ್ಲ, ಓಣಿಗೆಲ್ಲ ಕೇಳುತ್ತದೆ. ಅದಕ್ಕೇ ಈ ಪತ್ರ. ಸರೋಜವ್ವ ಅತ್ತೆ ಓದಿ ಹೇಳಲಿ. ಅತ್ತೆ, ನಡುನಡುವೆ ಬಿಟ್ಟು ಓದಬೇಡ, ನಿನ್ನ ರೂಢಿ ನನಗೆ ಗೊತ್ತು. ಅಪ್ಪ, ಅವ್ವ ಆರಾಮ ಇದ್ದಾರೆ. ನಾನು ಎಂದಿನಂತೆ ಗಾರ್ಮೆಂಟಿಗೆ ಹೋಗುತ್ತೇನೆ, ಅಂಗಿಗಳ ಹೊಲಿಗೆ ತಪಾಸಿಸುತ್ತೇನೆ, ಊಟದ ಬಿಡುವಿನಲ್ಲಿ ಕಾರ್ಮಿಕ ಸಂಘದ ಕರಪತ್ರ ಓದುತ್ತೇನೆ. ಕಣ್ಣು ಕೆಡುತ್ತವೆ ಎಂದು ನೀನು ಬೈಯುವುದು ಇಲ್ಲದೆ ಓದಿಗೆ ಅಷ್ಟು ರುಚಿಯಿಲ್ಲ.

ಸುದ್ದಿ ಇಷ್ಟು. ಮುಚ್ಚಿಹೋದ ನಮ್ಮ ರೈಲು ಹಾಲ್ಟನ್ನು ಮತ್ತೆ ತೆರೆಸಬೇಕೆಂದು ಇಲ್ಲಿ ಒಂದು ಸಮಿತಿಯಾಗಿದೆ. ಹಂಚಿನ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಮಹಾಲಿಂಗಪ್ಪ ಕಾಕಾ ಅಧ್ಯಕ್ಷ. ಗಾರ್ಮೆಂಟಿನ ನಾವೆಲ್ಲ ಟೆಂಪೋದ ಹಿಂದೆ ನೇತಾಡಿಕೊಂಡು ಕೆಲಸಕ್ಕೆ ಹೋಗಿಬರುತ್ತೇವೆ; ಹೋದ ತಿಂಗಳು ನನ್ನ ಗೆಳತಿ ದಿಲ್ಶಾದ ಬಿದ್ದು ಕೈ ಮುರಿದುಕೊಂಡ ಮೇಲೆ ಎಲ್ಲರಿಗೂ ರೈಲಿನ ನೆನಪಾಯಿತು. ಮುಂದಿನ ವಾರ ಶುಕ್ರವಾರ, ಇಪ್ಪತ್ತೆರಡಕ್ಕೆ, ರೈಲ್ವೆಯ ಸಾಹೇಬರೊಬ್ಬರು ಬಂದು ನೋಡುತ್ತಾರೆ. ಒಪ್ಪಿದರೆ ಗಾಡಿ ನಿಲ್ಲುತ್ತದೆ. ಇಲ್ಲದಿದ್ದರೆ ಕಟ್ಟಡ ಕೆಡವಿ ಹಳಿಯ ಗುಂಟ ಗೋಡೆ ಹಾಕುತ್ತಾರೆ. ಅವರ ಕೈಗೆ ಕೊಡಲು ಸ್ಟೇಷನ್ನಿನ ಚರಿತ್ರೆ ಬರೆಯುವ ಕೆಲಸ ನನಗೆ ಬಂತು. "ಕರಪತ್ರದವ್ವ ಬಂದ್ಲು, ಆಕೀಗಿ ಚಾದ ಜೋಡಿ ಒಂದ ಕ್ರಾಂತಿ ಕೊಡ್ರಿ" ಎಂದು ಚಾದಂಗಡಿಯಲ್ಲಿ ನಗುತ್ತಿದ್ದವರೇ ಬಂದು ಕೇಳಿದರು. ಒಂದೇ ಕೂತಿನಲ್ಲಿ ನಾಲ್ಕು ಪುಟ ಬರೆದೆ. ಹಾಲ್ಟ್ ಮುಚ್ಚಿದ್ದು ಬಸ್ಸಿನ ಮಾಲೀಕರೂ ಹತ್ತಿ ಜಿನ್ನಿನ ಮಾಲೀಕರೂ ಕೂಡಿ ಹೂಡಿದ ಸಂಚು ಎಂದೆ. ಯಾರನ್ನೂ ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ. ಬಡವರ ಕೈಯಿಂದ ಏನು ಹೋದರೂ ಅದರ ಹಿಂದೆ ಒಬ್ಬ ಉಳ್ಳವನಿರುತ್ತಾನೆ ಎಂದು ಓದಿದ್ದೆ. ಈಗಲೂ ಬಹುಪಾಲು ಹಾಗೆಯೇ ನಂಬಿದ್ದೇನೆ.

ನೀನು ಹೇಳಿದ ಕಥೆಗಳನ್ನೂ ಅದರಲ್ಲಿ ಸೇರಿಸಿದ್ದೆ. ಬರೀ ಮಡ್ಡಿ ನೆಲವಿದ್ದಲ್ಲಿ ಮೊದಲು ಹತ್ತಿಯ ಜಿನ್ನು ಬಂದದ್ದು, ಆಮೇಲೆ ಎಣ್ಣೆ ಗಿರಣಿ, ಹಂಚಿನ ಫ್ಯಾಕ್ಟರಿ, ಅವುಗಳ ಬೆನ್ನಿಗೆ ನಮ್ಮ ಸಾಲುಮನೆಗಳು. ಮೊದಲ ದಿನ ಗಾಡಿ ನಿಂತಾಗ ಜಿನ್ನಿನ ಹೆಣ್ಣುಮಕ್ಕಳು ಎಂಜಿನ್ನಿಗೆ ಅರಿಸಿನ ಕುಂಕುಮ ಹಚ್ಚಿ, ಅಷ್ಟಕ್ಕೇ ತೃಪ್ತಿಯಾಗದೆ ಡ್ರೈವರನ ಉಡಿ ತುಂಬಲು ಹೋದದ್ದು, ಅವನು ನಾಚಿಕೊಂಡು ಟೊಪ್ಪಿಗೆಯೊಡ್ಡಿ ಅಕ್ಕಿ, ಕೊಬ್ಬರಿ ಹಾಕಿಸಿಕೊಂಡದ್ದು. ಆ ಟೊಪ್ಪಿಗೆಯ ಅಕ್ಕಿಯನ್ನು ಅವನು ಹುಬ್ಬಳ್ಳಿಯ ತನಕ ತೊಡೆಯ ಮೇಲೆ ಇಟ್ಟುಕೊಂಡೇ ಗಾಡಿ ಹೊಡೆದನೆಂದು ನೀನು ಹೇಳುತ್ತಿದ್ದೆ. ನಿಜವೋ ಸುಳ್ಳೋ, ನಾನು ಬರೆದುಬಿಟ್ಟೆ.

ಭಾನುವಾರ ಬೆಳಿಗ್ಗೆ ಒಂದು ಸಲ ಕಣ್ಣಾರೆ ನೋಡೋಣವೆಂದು ಹಾಲ್ಟಿಗೆ ಹೋದೆ. ಹನ್ನೆರಡು ವರ್ಷದಿಂದ ನೀನು ಆ ಕಡೆ ಮುಖ ಹಾಕಿಲ್ಲ, ಅದಕ್ಕೆ ಹೇಳುತ್ತೇನೆ. ಪ್ಲಾಟ್‌ಫಾರ್ಮಿನ ಹುಲ್ಲು ಮೊಣಕಾಲು ಮುಟ್ಟುತ್ತದೆ. ಹಳದಿ ಹಲಗೆಯಲ್ಲಿ ಮಡ್ಡಿ ಎಂಬುದಷ್ಟೇ ಉಳಿದಿದೆ. ನಿನ್ನ ಟಿಕೇಟಿನ ಕಿಂಡಿಯಲ್ಲಿ ಅಳಿಲು ಗೂಡು ಕಟ್ಟಿದೆ, ಗೂಡಿನ ತುಂಬ ಅರಳೆ. ಜಿನ್ನು ನಿಂತು ಏಳು ವರ್ಷವಾದರೂ ಬೇವಿನ ಮರಗಳ ತೊಗಟೆಯ ಸಂದಿಯಲ್ಲಿ ಅರಳೆ ಇನ್ನೂ ಸಿಕ್ಕಿಕೊಂಡಿದೆ. ನಾನು ಸಣ್ಣಾಕೆಯಿದ್ದಾಗ ಗಾಡಿ ಹೊರಟ ಗಾಳಿಗೆ ಅದೆಲ್ಲ ಎದ್ದು ತೇಲುತ್ತಿತ್ತಲ್ಲ, ಹೆಣ್ಣುಮಕ್ಕಳ ತಲೆ, ನಿನ್ನ ಟೊಪ್ಪಿಗೆ, ಬುತ್ತಿಯ ಗಂಟು ಎಲ್ಲ ಬೆಳ್ಳಗಾಗುತ್ತಿತ್ತಲ್ಲ, ಆಗ ನನಗೆ ಗಾಡಿ ನಿಂತೇ ಇದೆ, ನಮ್ಮ ಸ್ಟೇಷನ್ನೇ ಹೊರಟಿದೆ ಅನ್ನಿಸುತ್ತಿತ್ತು. ಈಗಲೂ ಕನಸಿನಲ್ಲಿ ಅದು ಹೊರಡುತ್ತದೆ. ಕಲ್ಲಿನ ಬೆಂಚು, ಬೇವಿನ ಮರ, ಕಿಂಡಿಯಲ್ಲಿ ನಿನ್ನ ಮುಖ, ಎಲ್ಲವೂ ಸದ್ದಿಲ್ಲದೆ ಜೋಳದ ಹೊಲಗಳ ಮೇಲೆ ತೇಲಿಕೊಂಡು ಸವಣೂರು ದಾಟಿ ಶಿಗ್ಗಾಂವಿಯ ಕಡೆ ಹೋಗುತ್ತವೆ. ಯಾರಿಗೂ ಎಲ್ಲಿಯೂ ಇಳಿಯುವ ಅವಸರವಿರುವುದಿಲ್ಲ.

ಬೆಂಚಿನ ಮೇಲೆ ಗೌಸಬಿ ಕೂತಿದ್ದಳು, ನಿನ್ನ ಕಿಂಡಿಯ ಪಕ್ಕದಲ್ಲಿ ಚುರುಮುರಿ ಮಾರುತ್ತಿದ್ದಳಲ್ಲ, ಆಕೆಯೇ. ಈಗ ಮಾರಲು ಏನೂ ಇಲ್ಲ. ಆದರೂ ಎಂಟೂ ನಲವತ್ತರ ಗಾಡಿಯ ಹೊತ್ತಿಗೆ ಬರುತ್ತಾಳೆ, ಗಾಡಿ ನಿಲ್ಲದೆ ಹೋದ ಮೇಲೆ ಸೆರಗು ಕೊಡವಿಕೊಂಡು ಎದ್ದು ಹೋಗುತ್ತಾಳೆ. ಆಕೆಗೆ ನನ್ನ ನಾಲ್ಕು ಪುಟ ಗಟ್ಟಿಯಾಗಿ ಓದಿದೆ. ಸಂಚು ಎಂಬ ಮಾತು ಬಂದಾಗೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕೊನೆಗೆ, "ಬೇಟಾ, ಯಾವ ಮಾಲಕಗ ನಮ್ಮ ಹಾಲ್ಟಿನ ನೆಪ್ಪಿತ್ತ? ಇದನ್ನ ಮುಚ್ಚಿಸಿದಾಂವ ನಿಮ್ಮಜ್ಜ" ಎಂದಳು.

ನನಗೆ ಸಿಟ್ಟು ಬಂದು ಎದ್ದುಬಿಟ್ಟೆ. "ಕುಂದರ, ನಿಮ್ಮಜ್ಜನಗತೆ ಮೂಗಿನ ತುದೀಗಿ ಸಿಟ್ಟು" ಎಂದು ಕೈಹಿಡಿದು ಕೂರಿಸಿದಳು. ಆಕೆ ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನೀನು ರೈಲ್ವೆಯ ನೌಕರನಲ್ಲ, ಕಮಿಷನ್ನಿನ ಏಜೆಂಟ. ದೊಡ್ಡ ಸ್ಟೇಷನ್ನಿನಿಂದ ರಟ್ಟಿನ ಟಿಕೇಟು ತಂದು ಇಲ್ಲಿ ಮಾರುತ್ತಿದ್ದೆ. ಜಿನ್ನಿನ ಹೆಣ್ಣುಮಕ್ಕಳು ದಿನಾ ಟಿಕೇಟು ತೆಗೆಯುವುದನ್ನು ನೋಡಲಾರದೆ, ತಿಂಗಳ ಪಾಸು ಮಾಡಿಸಿದರೆ ಬಹಳ ಅಗ್ಗವೆಂದು ನೀನೇ ಅವರಿಗೆ ಹೇಳಿದೆ. ಪಾಸು ಕೊಡುವ ಅಧಿಕಾರ ನಿನಗಿರಲಿಲ್ಲ, ಅದು ದೊಡ್ಡ ಸ್ಟೇಷನ್ನಿನಲ್ಲಿ, ಅದರ ಲೆಕ್ಕವೂ ಅಲ್ಲಿಗೇ. ಬರೆಯಲು ಬಾರದವರ ಫಾರ್ಮುಗಳನ್ನೆಲ್ಲ ಇದೇ ಬೆಂಚಿನ ಮೇಲೆ ಕೂತು ತುಂಬಿದೆ. "ಕರಬಸಪ್ಪಣ್ಣಾ, ನಿನ್ನ ಕಾಲ ಮ್ಯಾಲ ನೀನ ಕಲ್ಲ ಹಾಕ್ಕೊಳ್ಳಾಕತ್ತಿ" ಎಂದು ಗೌಸಬಿ ಬೈದಳಂತೆ. "ರೈಲು ಮಂದೀಗಿ ನಿಲ್ಲತೈತಿ ಗೌಸಬಿ, ಟಿಕೇಟಿಗಲ್ಲ" ಎಂದು ನೀನು ನಕ್ಕೆಯಂತೆ.

ಎರಡು ವರ್ಷದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಇನ್ನೂರು ಮಂದಿ, ಕಿಂಡಿಯಲ್ಲಿ ನಾಲ್ಕು ಟಿಕೇಟು. ಮೇಲಿನವರು ಕಿಂಡಿಯನ್ನಷ್ಟೇ ನೋಡಿದರು. ಇಲ್ಲಿ ಪ್ರಯಾಣಿಕರಿಲ್ಲ ಎಂದು ಕಾಗದ ಬಂತು. ಆ ಕಾಗದವನ್ನು ನೀನು ಬೆಳಗಿನ ಗದ್ದಲದಲ್ಲಿ, ಇನ್ನೂರು ಮಂದಿಯ ನಡುವೆ ನಿಂತು ಓದಿದೆಯಂತೆ. ಯಾರೂ ನಿನ್ನನ್ನು ದೂರಲಿಲ್ಲ. ಯಾಕೆ ಮುಚ್ಚಿತು ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಬಂದು ನಿನ್ನ ಟ್ರಂಕಿನಿಂದ ಟಿಕೇಟಿನ ಡಬ್ಬಿ ತೆಗೆದೆ. ನಾನು ಗೊಂಬೆಗಳಿಗೆ ಟಿಕೇಟು ಹಂಚಿ ಆಡುತ್ತಿದ್ದ ಡಬ್ಬಿ. ಮಾರದೆ ಉಳಿದವು ಎಂದು ನೀನು ಹೇಳಿದ್ದೆ. ಅಜ್ಜಾ, ಮಾರದ ಟಿಕೇಟಿನ ಮೇಲೆ ತಾರೀಖು ಇರುವುದಿಲ್ಲ. ಯಂತ್ರದಲ್ಲಿ ತೂರಿಸಿ ತಾರೀಖು ಒತ್ತುವುದು ಮಾರುವಾಗ ಮಾತ್ರ. ನಿನ್ನ ತೊಡೆಯ ಮೇಲೆ ಕೂತು ಆ ಟಕ್ ಎಂಬ ಸದ್ದು ಮಾಡಿಸುತ್ತಿದ್ದವಳು ನಾನೇ. ಡಬ್ಬಿಯ ಒಂದೊಂದು ಟಿಕೇಟಿನ ಮೇಲೂ ತಾರೀಖಿದೆ. ಎಲ್ಲವೂ ಕೊನೆಯ ಎಂಟು ತಿಂಗಳಿನವು. ಒಂದು ದಿನವೂ ತಪ್ಪಿಲ್ಲ. ಹಾಲ್ಟ್ ಉಳಿಯಲೆಂದು, ಎಲ್ಲಿಗೂ ಹೋಗದ ಟಿಕೇಟುಗಳನ್ನು ನಿನ್ನ ಕಿಂಡಿಯಲ್ಲಿ ನೀನೇ ಕೊಂಡಿದ್ದೆ. ಅಜ್ಜಿ ತೀರಿಕೊಂಡ ದಿನದ ತಾರೀಖೂ ಇದೆ. ಮಣ್ಣು ಮಾಡಿ ಬಂದು ನೀನು ಕಿಂಡಿ ತೆರೆದಿದ್ದೆ. ಅಂದಿನವನ್ನು ನೆಲದ ಮೇಲೆ ಸಾಲಾಗಿ ಇಟ್ಟು ಒಂದೊಂದಾಗಿ ಎಣಿಸಿದೆ. ಅವ್ವ ಊಟಕ್ಕೆ ಕರೆದದ್ದು ಕೇಳಲಿಲ್ಲ.

ಆ ನಾಲ್ಕು ಪುಟ ಹರಿದು ಹಾಕಿದ್ದೇನೆ. ಆ ವರ್ಷಗಳಲ್ಲಿ ಕರೇಮಡ್ಡಿಗೆಂದು ಎಷ್ಟು ಪಾಸು ಕೊಟ್ಟಿರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇನೆ. ಉತ್ತರ ಶುಕ್ರವಾರದ ಒಳಗೆ ಬರುವುದಿಲ್ಲ. ಅಲ್ಲಿಯ ತನಕ ಇಲ್ಲಿ ಮಂದಿ ಇದ್ದರು ಎಂದು ಹೇಳಲು ಗೌಸಬಿಯ ಮಾತು ಮತ್ತು ನಿನ್ನ ಡಬ್ಬಿ, ಎರಡೇ. ಮಂದಿ ಇಲ್ಲದ ಹಾಲ್ಟಿಗೆ ಯಾರೂ ಎಂಟು ತಿಂಗಳು ತಮ್ಮ ರೊಕ್ಕ ಸುರಿಯುವುದಿಲ್ಲ.

ಅತ್ತೆಗೂ ಮನೆಯವರೆಲ್ಲರಿಗೂ ನನ್ನ ಶರಣು ಮುಟ್ಟಲಿ. ಅವ್ವ ನಿನ್ನ ಉಣ್ಣೆಯ ಟೊಪ್ಪಿಗೆಯನ್ನು ತೊಳೆದು ಇಟ್ಟಿದ್ದಾಳೆ. ಕಣ್ಣುಜ್ಜಿಕೊಳ್ಳಬೇಡ.

ನಿನ್ನ ಸಿಟ್ಟಿನ ಮೊಮ್ಮಗಳು
ಶ್ವೇತಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಅತ್ತೆ, ಇಷ್ಟನ್ನು ಅಜ್ಜನ ಕಿವಿಯ ಹತ್ತಿರ ಕೂತು ಓದು. ಅಜ್ಜಾ, ಡಬ್ಬಿಯನ್ನು ನಾನು ಇನ್ನೂ ಯಾರಿಗೂ ತೋರಿಸಿಲ್ಲ. ನಿಜ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲವೆಂದು ಊರೆಲ್ಲ ಹೇಳುತ್ತ ತಿರುಗಿದವಳು ಈಗ ಅದನ್ನು ಸಾಹೇಬರಿಗೆ ತೋರಿಸಲು ನಿನ್ನ ಅಪ್ಪಣೆ ಕೇಳುತ್ತಿದ್ದೇನೆ. ಬೇಡವೆಂದರೆ ಅದು ಟ್ರಂಕಿನಲ್ಲೇ ಇರುತ್ತದೆ, ನಾನು ಇನ್ನೊಂದು ಸಲ ಕೇಳುವುದಿಲ್ಲ. ಆಗಲಿ ಎಂದರೆ ಇಪ್ಪತ್ತೊಂದರ ಗುರುವಾರ ಹಾವೇರಿ ಬಸ್ಸು ಹತ್ತು. ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಶುಕ್ರವಾರ ನಿನಗೆ ಕೂರಲು ಜಾಗ ಹುಡುಕಬೇಕಾಗಿಲ್ಲ. ಭಾನುವಾರ ನಾನು ಆ ಬೆಂಚಿನ ಕಿಂಡಿ ಕಡೆಯ ತುದಿಗೆ ಕೂರಲು ಹೋದಾಗ ಗೌಸಬಿ ಸೆರಗು ಹಿಡಿದು ಜಗ್ಗಿದಳು, "ಈ ಕಡೆ ಬಾ ಬೇಟಾ, ಅದು ಏಜೆಂಟರ ಜಾಗಾ."