ಚಿರನಿದ್ರೆಯ ಅವಧಿ ಮುಗಿದಿದೆ

ಮಾನ್ಯ ನಗರ ಸ್ಮಶಾನ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ದೊಡ್ಡಮ್ಮನ ಮಗಳು ಎಲ್ಮಾಸ್ ಏಳು ತಿಂಗಳ ಕೂಸಾಗಿದ್ದಾಗ ತೀರಿಕೊಂಡಳು. ರೂರ್ ನದಿಯ ದಂಡೆಯ ಈ ನಗರದಲ್ಲಿ, ನಿಮ್ಮ ಸ್ಮಶಾನದಲ್ಲಿ ಅವಳನ್ನು ಹೂತರು. ನಿಮ್ಮ ವಿಭಾಗ ಆ ಗೋರಿಯನ್ನು ನೆಲಸಮ ಮಾಡಿ, ಅದೇ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಿತು. ಈಗ ಅವಳ ಹೆಸರು ಕೆತ್ತಿದ ಅಂಗೈಯಗಲದ ಕಲ್ಲೊಂದನ್ನೂ ತೆಗೆಯಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ನೆಲಸಮ ಮಾಡಿದಾಗ ಆ ಕುರ್ಚಿಯಲ್ಲಿ ನಾನಿರಲಿಲ್ಲ ಎಂದು ತಾವು ಹೇಳಬಹುದು. ನಿಜ. ಆದರೆ ಕಲ್ಲು ತೆಗೆಸುವ ಆಜ್ಞೆಯ ಕೆಳಗಿರುವ ಸಹಿ ತಮ್ಮದೇ.

ತಮ್ಮ ನಗರಾಡಳಿತ ಈ ವರ್ಷ ಬಣ್ಣಬಣ್ಣದ ಪುಸ್ತಿಕೆಯೊಂದನ್ನು ಹೊರತಂದಿದೆ. ನದಿ ಕಣಿವೆಗೆ ಬರುವ ಮುಸ್ಲಿಂ ಪ್ರವಾಸಿಗರಿಗಾಗಿಯೇ ಅದರಲ್ಲಿ ಎರಡು ಪುಟ. ಹಲಾಲ್ ಊಟ ಎಲ್ಲಿ ಸಿಗುತ್ತದೆ, ನಮಾಜಿಗೆ ಜಾಗ ಎಲ್ಲಿದೆ, ಮುಚ್ಚಿಹೋದ ಗಣಿಯ ಗೋಪುರ ಹತ್ತಿದರೆ ಊರು ಎಷ್ಟು ಚಂದ ಕಾಣುತ್ತದೆ, ಎಲ್ಲ ಇದೆ. ‘ನಮ್ಮ ಇತಿಹಾಸವನ್ನು ಮುಟ್ಟಿ ನೋಡಿ’ ಎಂಬ ಆಹ್ವಾನವೂ ಇದೆ. ಅಂಥ ಒಬ್ಬ ಪ್ರವಾಸಿ, ನನ್ನ ದೊಡ್ಡಮ್ಮ, ಕಳೆದ ವಸಂತದಲ್ಲಿ ಬಂದಿದ್ದಳು. ಅವಳು ಮುಟ್ಟಿ ನೋಡಲು ಬಂದ ಇತಿಹಾಸ ಒಂದೂವರೆ ಮೊಳ ಉದ್ದವಿತ್ತು. ಅದು ಎಲ್ಲಿ ಹೋಯಿತು ಎಂದು ಕೇಳಲು ಈ ಪತ್ರ.

ದೊಡ್ಡಮ್ಮನ ಹೆಸರು ಸಬೀಹಾ. ಟರ್ಕಿಯ ಕಪ್ಪು ಸಮುದ್ರದ ದಂಡೆಯ ಜೊಂಗುಲ್ಡಾಕ್ ಅವಳ ಊರು, ಅದೂ ಕಲ್ಲಿದ್ದಲಿನದೇ. ಅಲ್ಲಿ ಗಣಿ ಇಳಿಯುತ್ತಿದ್ದ ಶಾಬಾನ್ ದೊಡ್ಡಪ್ಪನನ್ನು, ಹಲ್ಲು ಮತ್ತು ಎದೆ ಪರೀಕ್ಷೆ ಮಾಡಿ, ಈ ಜರ್ಮನ್ ದೇಶವೇ ಕರೆಸಿಕೊಂಡಿತು. ಎಪ್ಪತ್ತರ ದಶಕದಲ್ಲಿ ಇಬ್ಬರೂ ಇಲ್ಲಿ ಸಂಸಾರ ಹೂಡಿದರು. ಎಲ್ಮಾಸ್ ಇಲ್ಲೇ ಹುಟ್ಟಿದಳು, ಒಂದು ಚಳಿಗಾಲದ ಜ್ವರದಲ್ಲಿ ಇಲ್ಲೇ ಹೋದಳು. ಹೇಗೂ ಇಲ್ಲೇ ಇರುವವರು, ಕೂಸೂ ಇಲ್ಲೇ ಇರಲಿ ಎಂದು ಸ್ಮಶಾನದ ಮೂಲೆಯಲ್ಲಿ ಮುಸ್ಲಿಮರಿಗೆ ಕೊಟ್ಟಿದ್ದ ಸಾಲಿನಲ್ಲಿ ಮಲಗಿಸಿದರು. ಆಮೇಲೆ ಗಣಿಗಳು ಸೊರಗಿದವು. ಊರಿಗೆ ಹಿಂತಿರುಗುವವರಿಗೆ ಸರ್ಕಾರವೇ ಹಣ ಕೊಟ್ಟು ಬಾಗಿಲು ತೋರಿಸಿತು. ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಹೊರಟರು. ಸೂಟ್‌ಕೇಸಿನಲ್ಲಿ ಹಿಡಿಯದ ಒಂದನ್ನು ಮಾತ್ರ ಬಿಟ್ಟು ಹೋದರು.

ಅವರಿಗೆ ಬೇರೆ ಮಕ್ಕಳಾಗಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಹಟ ಹಿಡಿದಳು: ಒಮ್ಮೆ ಹೋಗಿ ಬರಬೇಕು. ವೀಸಾ ಎರಡು ಸಲ ತಿರಸ್ಕಾರವಾಯಿತು. ಬಂದವಳು ವಾಪಸು ಹೋಗುವಳೆಂಬ ಖಾತ್ರಿ ಇಲ್ಲವಂತೆ. ಎಪ್ಪತ್ತು ದಾಟಿದ ಮುದುಕಿ, ಮಂಡಿ ಹಿಡಿದುಕೊಂಡು ನಡೆಯುವವಳು, ತಮ್ಮ ನಗರದಲ್ಲಿ ತಲೆಮರೆಸಿಕೊಂಡು ಏನು ಕೆಲಸ ಕಸಿದುಕೊಳ್ಳುತ್ತಿದ್ದಳೋ! ಅದು ನಿಮ್ಮ ವಿಭಾಗದ ವಿಷಯವಲ್ಲ, ಗೊತ್ತು. ಈ ದೇಶದಲ್ಲಿ ನಮಗಾದ ಯಾವುದೂ ಯಾವ ವಿಭಾಗದ ವಿಷಯವೂ ಆಗಿದ್ದನ್ನು ನಾನು ಇನ್ನೂ ಕಂಡಿಲ್ಲ.

ನಾನು ಇದೇ ದೇಶದ ಉತ್ತರದ ಬಂದರು ನಗರವೊಂದರಲ್ಲಿ ಹುಟ್ಟಿ ಬೆಳೆದವಳು. ವೃದ್ಧಾಶ್ರಮದ ನರ್ಸ್ ಕೆಲಸಕ್ಕೆಂದು ಈಚೆಗೆ ಇಲ್ಲಿಗೆ ಬಂದೆ. ಗೋರಿ ನೋಡಿಕೊಂಡು ಬರಲೇ ಎಂದು ಫೋನಿನಲ್ಲಿ ಕೇಳಿದಾಗ ದೊಡ್ಡಮ್ಮ ಗದರಿದ್ದಳು: “ನಾನೇ ಬಂದು ನಿನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಹೆತ್ತವಳಿಗಿಂತ ಮೊದಲು ಯಾರೂ ಹೋಗೋದು ಬೇಡ.”

ಕೊನೆಗೂ ಬಂದಳು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಹುಡುಗಿ ಅವಳ ಚೀಲದಿಂದ ಗಂಟು ಹಾಕಿದ ಕರವಸ್ತ್ರ ತೆಗೆದಳು. ಭಾಷೆ ತಿಳಿಯದೆ ದೊಡ್ಡಮ್ಮ ಕೂಗಾಡಿದ್ದಕ್ಕೆ ನನ್ನನ್ನು ಒಳಗೆ ಕರೆಸಿದರು.

“ಇದೇನು?”

“ಮಣ್ಣು,” ಅಂದೆ.

“ಮಣ್ಣು ಯಾಕೆ?”

ದೊಡ್ಡಮ್ಮನ ಕಡೆ ತಿರುಗಿದೆ. “ಅವಳಿಗೆ ಹೇಳು, ಮಗಳ ಹತ್ರ ಅಪ್ಪನ್ನ ಕರ್ಕೊಂಡು ಹೋಗ್ತಿದ್ದೀನಿ ಅಂತ,” ಅಂದಳು. ದೊಡ್ಡಪ್ಪನ ಗೋರಿಯ ಮೇಲಿನ ಒಂದು ಹಿಡಿ. ಆ ಹುಡುಗಿಯ ಮುಖ ಸಣ್ಣಗಾಯಿತು. ಆದರೂ ಹೊರಗಿನ ಮಣ್ಣನ್ನು ದೇಶದೊಳಗೆ ಬಿಡುವಂತಿಲ್ಲವೆಂದು ಕಸದ ಡಬ್ಬಿಗೆ ಹಾಕಿದಳು. ಕಾನೂನು ಹಾಗಿದೆ, ಒಪ್ಪಿದೆ. ಹೊರಗಿನವರ ಮಣ್ಣಿಗೆ ಒಳಗೆ ಪ್ರವೇಶವಿಲ್ಲ. ಒಳಗಿರುವ ಹೊರಗಿನವರಿಗೆ ಮಣ್ಣಿಲ್ಲ ಎಂಬುದು ಗೊತ್ತಾಗಲು ಇನ್ನೂ ಎರಡು ದಿನವಿತ್ತು.

ಸ್ಮಶಾನದ ಗೇಟು ದಾಟಿದ್ದೇ ದೊಡ್ಡಮ್ಮನ ಮಂಡಿ ನೋವು ಮಾಯ. ದಾರಿ ಕೇಳಲಿಲ್ಲ. ನೀರಿನ ನಲ್ಲಿ, ಅದರ ಪಕ್ಕದ ಓಕ್ ಮರ, ಅಲ್ಲಿಂದ ಎಡಕ್ಕೆ. ನಿಂತಳು. ಎದುರಿಗೆ ನುಣುಪಾದ ಕರಿಕಲ್ಲು. ಮೇಲೆ ಹೆಲ್ಮುಟ್ ಬ್ರಿಂಕ್ ಎಂಬ ಹೆಸರು, ಒಂದು ಶಿಲುಬೆ. ಸುತ್ತ ಅಂಥವೇ ಗೋರಿಗಳು, ನೇರ ಸಾಲಿನಲ್ಲಿ. ಮೆಕ್ಕಾದ ಕಡೆಗೆ ಓರೆಯಾಗಿದ್ದ ಪುಟ್ಟ ಗೋರಿಗಳಲ್ಲಿ ಒಂದೂ ಇರಲಿಲ್ಲ.

“ದೊಡ್ಡಮ್ಮ, ಬೇರೆ ಕಡೆ ಇರಬಹುದು,” ಅಂದೆ.

“ಹೆತ್ತವಳಿಗೆ ದಾರಿ ತಪ್ಪುತ್ತದೇನೇ? ಇಲ್ಲೇ.” ಹಾಗೆಂದವಳು ಗೋರಿಯ ಅಂಚಿನಲ್ಲಿ ಕುಸಿದು ಕೂತು, ಅಂಗೈ ಬಿಚ್ಚಿ ಸತ್ತವರಿಗಾಗಿ ಓದುವ ಫಾತಿಹಾ ಓದಲು ತೊಡಗಿದಳು. ದನಿ ಮಧ್ಯದಲ್ಲೇ ನಿಂತುಹೋಯಿತು. ಯಾರಿಗೆ ಓದುತ್ತಿದ್ದೇನೆಂದು ಅವಳಿಗೇ ತಿಳಿಯದಂತಾಗಿತ್ತು.

ಹಿಂದಿನಿಂದ ಗಟ್ಟಿ ದನಿ. “ಏಯ್, ಯಾರು ನೀವು? ನನ್ನ ಗಂಡನ ಗೋರಿ ಮೇಲೆ ಕೂತು ಏನು ಮಾಡ್ತಿದ್ದೀರಿ?” ನೀರು ಹಾಕುವ ಕ್ಯಾನು ಹಿಡಿದ ಮುದುಕಿ, ಕೆಂಪು ಮುಖ. “ಇಲ್ಲಿ ನಿಮ್ಮ ಪ್ರಾರ್ಥನೆ ಗಿರ್ಥನೆ ನಡೆಯಲ್ಲ. ಎಬ್ಬಿಸು ಆಕೇನ, ಇಲ್ಲಾಂದ್ರೆ ಪೊಲೀಸ್ ಕರೀತೀನಿ!”

ತಲೆವಸ್ತ್ರ ಕಟ್ಟಿದ ಇಬ್ಬರು ಹೆಂಗಸರು ಕಂಡರೆ ಈ ನಗರಕ್ಕೆ ಪೊಲೀಸರ ನೆನಪಾಗುವುದು ಹೊಸದಲ್ಲ. ನನಗೂ ಸಿಟ್ಟು ನೆತ್ತಿಗೇರಿತ್ತು. “ಕರೀರಿ ಅಮ್ಮಾ. ಇಲ್ಲಿದ್ದ ಇವರ ಕೂಸನ್ನ ಯಾರು ಕದ್ದರು ಅಂತ ನಾನೂ ಅವರನ್ನೇ ಕೇಳ್ಬೇಕು,” ಅಂದೆ.

ಆಕೆ ಗಿಜೆಲಾ ಬ್ರಿಂಕ್. ಹೆಲ್ಮುಟ್ಟರ ಹೆಂಡತಿ. ನನ್ನ ಮಾತು ಕೇಳಿ ಕ್ಯಾನು ಕೆಳಗಿಟ್ಟರು. ದೊಡ್ಡಮ್ಮನನ್ನು ನೋಡಿದರು, ನೆಲ ನೋಡಿದರು. “ಖಾಲಿ ಜಾಗ ಅಂತ ಹೇಳಿ ಕೊಟ್ಟಿದ್ರು,” ಎಂದರು. “ಹುಲ್ಲು ಬೆಳೆದಿತ್ತು ಅಷ್ಟೆ. ದೇವರಾಣೆ, ನನಗೆ ಗೊತ್ತಿರಲಿಲ್ಲ.”

ಮೂವರೂ ನಿಮ್ಮ ಕಚೇರಿಗೆ ಬಂದೆವು. ತಾವೇ ನಕ್ಷೆ ಹರಡಿ, ಬೆರಳಿಟ್ಟು ತೋರಿಸಿದಿರಿ. ದೊಡ್ಡಮ್ಮ ತಪ್ಪಿರಲಿಲ್ಲ. ತಮ್ಮ ಮಾತನ್ನು ನಾನು ಮರೆತಿಲ್ಲ: “ಮಕ್ಕಳ ಗೋರಿಗಳ ವಿಶ್ರಾಂತಿ ಅವಧಿ ಇಪ್ಪತ್ತು ವರ್ಷ. ಅವಧಿ ಮುಗಿದಿತ್ತು. ನವೀಕರಿಸಲು ಯಾರೂ ಬರಲಿಲ್ಲ. ಸಂಬಂಧಿಕರು ಸಂಪರ್ಕಿಸಬೇಕೆಂದು ಕಲ್ಲಿನ ಮೇಲೆ ಸೂಚನೆಯನ್ನೂ ಅಂಟಿಸಿದ್ದೆವು.”

ಮಾನ್ಯರೇ, ಕಪ್ಪು ಸಮುದ್ರದ ದಂಡೆಯಲ್ಲಿ ಕೂತ ತಾಯಿ ಆ ಕಲ್ಲಿನ ಮೇಲಿನ ಚೀಟಿಯನ್ನು ಹೇಗೆ ಓದಬೇಕಿತ್ತು? ದುರ್ಬೀನು ಹಿಡಿದೇ? ಅಥವಾ ಏಳು ತಿಂಗಳ ಎಲ್ಮಾಸ್ ತಾನೇ ಎದ್ದು, ಓದಿ, ಅಮ್ಮನಿಗೆ ತಿಳಿಸಬೇಕಿತ್ತೇ? ವಿಳಾಸ ಗೊತ್ತಿರಲಿಲ್ಲ ಎಂದಿರಿ. ಗಣಿಯ ಧೂಳು ತಿಂದ ದೊಡ್ಡಪ್ಪನ ಎದೆಗೆ ಇದೇ ದೇಶದ ವಿಮಾ ಕಚೇರಿ ಸಾಯುವವರೆಗೂ ಪರಿಹಾರ ಕಳಿಸುತ್ತಿತ್ತು. ಇನ್ನೂ ಬದುಕಿದ್ದೀಯಾ, ಪುರಾವೆ ಕಳಿಸು ಎಂದು ವರ್ಷಾವರ್ಷ ಅದೇ ವಿಳಾಸಕ್ಕೆ ಕೇಳುತ್ತಿತ್ತು. ಅಪ್ಪ ಸತ್ತನೇ ಎಂದು ವಿಚಾರಿಸಲು ದಾರಿ ಗೊತ್ತಿದ್ದ ಸರ್ಕಾರಕ್ಕೆ, ಸತ್ತ ಮಗಳನ್ನು ಎತ್ತಂಗಡಿ ಮಾಡುತ್ತಿದ್ದೇವೆ ಎಂದು ತಿಳಿಸಲು ದಾರಿ ತಪ್ಪಿತೇ?

ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದಳು. “ನನ್ನ ಕೂಸು ಈಗ ಎಲ್ಲಿದೆ?”

ಉಳಿದದ್ದೇನಾದರೂ ಇದ್ದರೆ ಅಲ್ಲೇ ಇನ್ನಷ್ಟು ಆಳಕ್ಕೆ ಇಳಿಸಿರುತ್ತೇವೆ ಎಂದಿರಿ. ಹೊಸ ಪೆಟ್ಟಿಗೆಯ ಕೆಳಗೆ. ನಾನು ಅದನ್ನು ಟರ್ಕಿ ಭಾಷೆಗೆ ತಿರುಗಿಸಿ ಹೇಳಬೇಕಾಯಿತು. ಸಾಯುವವರ ಮಂಚದ ಪಕ್ಕ ನಿಂತು ಮನೆಯವರಿಗೆ ವಿಷಯ ಹೇಳುವುದು ನನ್ನ ಕಸುಬು. ಆದರೂ ಆ ಪೆಟ್ಟಿಗೆಯ ಮಾತನ್ನು ಬಿಟ್ಟುಬಿಟ್ಟೆ. “ಇನ್ನೂ ಕೆಳಗೆ” ಎಂದಷ್ಟೇ ಅಂದೆ.

“ಅವಳಪ್ಪನ್ನೂ ಕೆಳಗಿಳಿಸಿದ್ರು, ಅವಳನ್ನೂ ಇಳಿಸಿದ್ರು,” ಎಂದಳು ದೊಡ್ಡಮ್ಮ. “ಅವನನ್ನಾದ್ರೂ ಸಂಜೆಗೆ ಮೇಲಕ್ಕೆ ಬಿಡ್ತಿದ್ರು.”

ಇದನ್ನು ನಾನು ತಮಗೆ ಜರ್ಮನ್ನಿನಲ್ಲಿ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ತಾವಾಗ ಕನ್ನಡಕ ಒರೆಸಿಕೊಳ್ಳುತ್ತ, ‘ನಿಯಮ ಎಲ್ಲರಿಗೂ ಒಂದೇ, ನಮ್ಮವರ ಗೋರಿಗಳೂ ಹೀಗೇ ಹೋಗುತ್ತವೆ’ ಎಂದಿರಿ. ನಮ್ಮಲ್ಲಿ ಹೂತವರನ್ನು ಕಿಯಾಮತ್ತಿನ ಅಂತಿಮ ತೀರ್ಪಿನ ದಿನದವರೆಗೆ ಯಾರೂ ಎಬ್ಬಿಸುವುದಿಲ್ಲ ಎಂಬುದು ಮುಸ್ಲಿಮರಿಗೆ ಆ ಸಾಲು ಕೊಟ್ಟವರಿಗೆ ತಿಳಿಯದ ಸಂಗತಿಯೇ? ಹಂದಿ ಮಾಂಸ ತಿನ್ನುವುದಿಲ್ಲ ಎಂದು ಪುಸ್ತಿಕೆಯಲ್ಲಿ ಇಷ್ಟು ಚೆನ್ನಾಗಿ ಬರೆಯಬಲ್ಲವರಿಗೆ?

ಆಗ ಗಿಜೆಲಾ ಮೇಜು ಗುದ್ದಿದ್ದು ತಮಗೆ ನೆನಪಿರಬೇಕು. “ನಮ್ಮವರು ನಿಮ್ಮವರು ಅಂತ ನನ್ನ ಹೆಸರಲ್ಲಿ ಮಾತಾಡಬೇಡಿ ಸ್ವಾಮಿ. ಹೆಣ ಇರೋ ಜಾಗಾನ ಖಾಲಿ ಅಂತ ನನಗೆ ಕೊಟ್ಟವರು ನೀವು.”

ಮರುವಾರ ಆಕೆ ಬೆಣ್ಣೆಯಲ್ಲಿ ಮಾಡಿದ ಪ್ಲಮ್ ಕೇಕು ಹಿಡಿದು ನಮ್ಮ ಮನೆಗೆ ಬಂದರು. ಪೊಲೀಸ್ ಮಾತೆತ್ತಿದ್ದಕ್ಕೆ ಕ್ಷಮೆ ಕೇಳಿದರು. ದೊಡ್ಡಮ್ಮ ಮುಖ ಸಡಿಲಿಸಲಿಲ್ಲ. ಒಂದು ತುಂಡು ಬಾಯಿಗಿಟ್ಟು ನನಗೆ ಹೇಳಿದಳು: “ಸಕ್ಕರೆ ಸುರಿದಿದ್ದಾಳೆ. ಗಂಡ ಸಕ್ಕರೆ ಕಾಯಿಲೇಲೇ ಹೋಗಿರ್ಬೇಕು.” ನಾನು ಅದನ್ನು ‘ತುಂಬಾ ಚೆನ್ನಾಗಿದೆಯಂತೆ’ ಎಂದು ತಿರುಗಿಸಿದೆ.

“ನನ್ನ ಹೆಲ್ಮುಟ್‌ಗೆ ಮಕ್ಕಳು ಅಂದ್ರೆ ಜೀವ,” ಎಂದರು ಗಿಜೆಲಾ. “ಕೂಸನ್ನ ಚೆನ್ನಾಗಿ ನೋಡ್ಕೊತಾನೆ.”

“ಬೇಡ ಅನ್ನು,” ಎಂದಳು ದೊಡ್ಡಮ್ಮ. “ಸಮಾಧಾನ ಬೇಡ. ಅವಳ ಹೆಸರು ಬೇಕು.”

ಕಲ್ಲಿನ ಮಾತು ಬಂದದ್ದು ಹೀಗೆ. ಗಿಜೆಲಾ ತಾವೇ ಮಾಡಿಸಿ, ಗಂಡನ ಗೋರಿಯ ಕಾಲ ಬಳಿ ನೆಡಿಸಿದರು. ಅದರ ಮೇಲೆ ಎಲ್ಮಾಸ್ ಎಂದಷ್ಟೇ ಇದೆ. ದೊಡ್ಡಮ್ಮ ಅಂದು ಫಾತಿಹಾವನ್ನು ಕೊನೆತನಕ ಓದಿದಳು, ನೀರೆರೆದಳು. ಆಮೇಲೆ ಕರಿಕಲ್ಲಿನ ಕಡೆ ತಿರುಗಿ, “ಸ್ವಲ್ಪ ಆಚೆ ಜರುಗಿ ಮಲಗಪ್ಪಾ, ಕೂಸು ಚಿಕ್ಕದು,” ಎಂದಳು. ವೀಸಾ ಮುಗಿಯುವ ಮೊದಲೇ ಊರಿಗೆ ಹೊರಟುಹೋದಳು. ವಾಪಸು ಹೋಗುವಳೋ ಇಲ್ಲವೋ ಎಂದು ನಿದ್ದೆಗೆಟ್ಟಿದ್ದವರು ಈಗ ನೆಮ್ಮದಿಯಿಂದಿರಲಿ.

ಅವಳು ಹೋದ ಹಿಂದೆಯೇ ಗಿಜೆಲಾ ಅವರಿಗೆ ತಮ್ಮ ಆಜ್ಞೆ ಬಂತು: ಆ ಗೋರಿಯಲ್ಲಿ ದಾಖಲಾಗದ ವ್ಯಕ್ತಿಯ ಹೆಸರಿನ ಕಲ್ಲು ನಿಯಮಬಾಹಿರ, ತಿಂಗಳೊಳಗೆ ತೆಗೆಯಬೇಕು, ಇಲ್ಲವಾದರೆ ವಿಭಾಗವೇ ತೆಗೆಯುತ್ತದೆ. ದಾಖಲಾಗದ ವ್ಯಕ್ತಿ! ಅಲ್ಲಿ ಅವಳಿದ್ದಾಳೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದವರು ಯಾರು? ಸತ್ತವಳನ್ನು ಹೊರಹಾಕಿದ್ದು ಅವಧಿ ಮುಗಿಯಿತೆಂದು. ಹೆಸರನ್ನು ಹೊರಹಾಕುವುದು ಅವಳು ಇಲ್ಲಿರಲೇ ಇಲ್ಲವೆಂದು. ಮೊದಲನೆಯದು ನಿಯಮ ಎಂದು ನುಂಗಿಕೊಂಡೆವು. ಎರಡನೆಯದಕ್ಕೆ ಹೆಸರೇನು, ತಾವೇ ಹೇಳಿ.

ನನ್ನ ಬೇಡಿಕೆ ಚಿಕ್ಕದು. ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಆ ಸಾಲಿನಲ್ಲಿ ಎಲ್ಮಾಸ್ ಒಬ್ಬಳೇ ಇರಲಿಲ್ಲ. ಉಳಿದ ಮಕ್ಕಳ ಹೆಸರುಗಳನ್ನೂ ಹುಡುಕಿ ಅಲ್ಲೇ ಬರೆಸಿ. ಆಗದು ಎನ್ನುವುದಾದರೆ ಇನ್ನೊಂದು ಉಪಕಾರ ಮಾಡಿ. ದೊಡ್ಡಮ್ಮ ಪ್ರತಿ ಶುಕ್ರವಾರ ಮಧ್ಯಾಹ್ನ ಫೋನ್ ಮಾಡುತ್ತಾಳೆ. ಉಭಯ ಕುಶಲೋಪರಿ ಇಲ್ಲ. “ಕಲ್ಲು ಇದೆ ತಾನೇ?” ಎಂದು ಕೇಳುತ್ತಾಳೆ, “ಇದೆ” ಎನ್ನುತ್ತೇನೆ, ಇಟ್ಟುಬಿಡುತ್ತಾಳೆ. ಕಲ್ಲು ಕಿತ್ತ ವಾರ ಆ ಕರೆಯನ್ನು ನಿಮ್ಮ ಮೇಜಿನ ಫೋನಿಗೆ ತಿರುಗಿಸುತ್ತೇನೆ. ನಿಮ್ಮ ಪಕ್ಕದಲ್ಲೇ ನಿಂತು ಭಾಷಾಂತರಿಸುತ್ತೇನೆ, ಈ ಸಲ ಒಂದು ಪದವನ್ನೂ ಬಿಡುವುದಿಲ್ಲ. ಉತ್ತರ ಮಾತ್ರ ನೀವು ಕೊಡಿ.

ಇಂತಿ,
ತಮ್ಮ ನಗರಕ್ಕೆ ತೆರಿಗೆ ಕಟ್ಟುತ್ತ, ಅದರ ಮುದುಕರಿಗೆ ಕೊನೆಯ ಗುಟುಕು ನೀರು ಕುಡಿಸುತ್ತ, ತನ್ನನ್ನು ಎಲ್ಲಿ ಹೂಳಬೇಕೆಂದು ಇನ್ನೂ ಬರೆದಿಡಲಾಗದ
ಮೆಲೀಹಾ ಚೆಲೆಂಕ್