ಎರಡು ಸಲ ಬಳಿದ ಚಕ್ರ

ನವೆಂಬರ್ ೧೮, ಶಿಕೂತಿಮಿ

ಸಿಟ್ಟು ಬಂದಾಗ ಯಾರ ಮೇಲಾದರೂ ಕೈ ಎತ್ತುವ ಮೊದಲು ಈ ಡೈರಿಯಲ್ಲಿ ಬರೆಯಬೇಕಂತೆ, ಆಸ್ಪತ್ರೆಯ ನರ್ಸಮ್ಮನ ಅಪ್ಪಣೆ. ದರಿದ್ರದ ಕೆಲಸ. ಇವತ್ತು ಕೈ ಎತ್ತಿಯಾದ ಮೇಲೆ ಬರೆಯುತ್ತಿದ್ದೇನೆ.

ಮಗಳು ಮರ್ಲೇನಳ ಕಾರಿನ ಹಿಮದಲ್ಲಿ ಜಾರದ ಚಳಿಗಾಲದ ಟೈರು ಕೂರಿಸಲು ಅಗ್ಗದ ಉಕ್ಕಿನ ಚಕ್ರ ಸಾಕು, ಆದರೆ ಹೊಸದಿರಲಿ ಎಂದಿದ್ದೆ. ಅಳಿಯ ಗೇತಾನ್ ಗುಜರಿಯಿಂದ ತಂದ. ಮೇಲೆ ಮಿರಮಿರ ಕಪ್ಪು ಬಣ್ಣ. ಕೆರೆದು ನೋಡಿದರೆ ಬೋಲ್ಟಿನ ತೂತಿನಿಂದ ತೂತಿಗೆ ಬಿರುಕು.

"ಬಿರುಕು ಕಾಣ್ಲಿಲ್ವೇನೋ?"

"ಕಾಣ್ತು ಮಾವ. ಅದಕ್ಕೇ ಎರಡು ಸಲ ಬಳಿದೆ."

ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದೆ. ಮೂಗು ಒಡೆಯಿತು.

"ಬಿಡಪ್ಪಾ, ಸತ್ತುಹೋಗ್ತಾನೆ!" ಎಂದು ಮರ್ಲೇನ್ ಕಿರುಚಿದಳು.

ಸಾಯುವವಳು ನೀನಾಗಿದ್ದೆಯಲ್ಲೇ, ಹಿಮದ ಕಾಡುದಾರಿಯಲ್ಲಿ ಚಕ್ರ ಕಳಚಿ.  ನನಗೆ ಪಶ್ಚಾತ್ತಾಪವಿಲ್ಲ.

ಇನ್ನು ನಿನಗೆ ಹೇಳುವುದು, ಗೇತಾನ್: ಡಿಸೆಂಬರ್ ಒಂದರಿಂದ ಇಲ್ಲಿ ಚಳಿಗಾಲದ ಟೈರು ಕಡ್ಡಾಯ. ಹೊಸ ಚಕ್ರ ತರುತ್ತೀಯೋ, ಮಗಳನ್ನು ನಾನೇ ತವರಿಗೆ ಕರೆದುಕೊಂಡು ಬರಲೋ? ನವೆಂಬರ್ ಮೂವತ್ತರೊಳಗೆ ಹೇಳು.